ಬಾಣಂತಿ ಕೋಣೆಯ ಸಾರವೆ

ಹೆರಿಗೆ ಮುಗಿಸಿ ಮಂಡ್ಯದ ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಮದ್ದೂರಿನ ಅವ್ವನ ಮನೆಗೆ ಬಂದಾಗ ಪಕ್ಕದ ಮನೆ ಇರಲಿಲ್ಲ. ನಾನು ಆಸ್ಪತ್ರೆಗೆ ಹೊರಟಾಗ ಇತ್ತು. ಈಗ ಅಲ್ಲಿ ಮಣ್ಣಿನ ಗುಡ್ಡೆ, ಮುರಿದ ಬಾಗಿಲುವಾಡ, ಆಚೆ ಬೀದಿಯವರೆಗೂ ಬಯಲು. ಬೆಲ್ಲದ ಮಂಡಿ ಇಟ್ಟಿದ್ದ ಪಕ್ಕದ ಮನೆಯವರು ಹಳೆಯದನ್ನು ಕೆಡವಿಸಿ ಮಾಳಿಗೆ ಮನೆ ಕಟ್ಟಿಸಲು ಹೊರಟಿದ್ದರು. ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಅದೊಂದನ್ನು ಮಾತ್ರ ಬಿಟ್ಟಿದ್ದರು. ನಮ್ಮ ಸೂರಿನ ತೊಲೆಗಳೆಲ್ಲ ಒಂದು ತುದಿಯನ್ನು ಅದರ ಮೇಲೆ ಊರಿದ್ದವು.

ನಡುಮನೆಯೇ ನನ್ನ ಬಾಣಂತಿ ಕೋಣೆ. ಆ ಗೋಡೆಗೆ ಎದುರಾಗಿ, ಈಚೆ ಗೋಡೆಗೆ ಒತ್ತಿದಂತೆ ಮಂಚ ಹಾಕಿದ್ದರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮಲಗಿದವಳಿಗೆ ಮೊದಲು ಕಂಡದ್ದೇ ಬಿರುಕು. ಮೂಲೆಯಲ್ಲಿ ಶುರುವಾಗಿ ತೊಲೆಯ ಬುಡದವರೆಗೆ ಏರಿತ್ತು. ಅದರೊಳಗಿಂದ ಹಗಲ ಬೆಳಕು ಕಾಣುತ್ತಿತ್ತು.

"ಅವ್ವ, ಅದೇನದು?"

"ಏನಿಲ್ಲ ಮಗ. ಅತ್ತಗೆ ತಿರುಕ್ಕಂಡು ಮನಿಕೊ" ಎಂದಳು ಅವ್ವ. ಆದರೆ ಸಂಜೆಯೊಳಗೆ ಅವಳೇ ಪಕ್ಕದ ಮನೆಯವರ ಮಂಡಿಗೆ ಹೋಗಿ ಕೂಗಾಡಿ ಬಂದಿದ್ದಳು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಅವಳಿಗೆ ಗಂಟಲು ಜೋರು. ಮಾರನೆ ಬೆಳಿಗ್ಗೆಯೇ ಅವರು ತಮ್ಮ ಕೆಲಸದ ಮೇಸ್ತ್ರಿಯನ್ನು ಕಳಿಸಿದರು.

ಮೇಸ್ತ್ರಿ ಊರಿನ ಸಾಬರು, ನಡುವಯಸ್ಸಿನವರು. ಬಾಗಿಲಲ್ಲೇ ನಿಂತು ತೊಲೆಗಳನ್ನು ನೋಡಿದರು, ಒಳಗೆ ಬಂದು ಬಿರುಕಿಗೆ ಕೈ ತೂರಿಸಿದರು. ಪಾಯ ತುಂಬಿ ಹೊಸ ಗೋಡೆ ಎಬ್ಬಿಸುವವರೆಗೆ ನಡುಮನೆಯೊಳಗೆ ಸಾರವೆ ಕಟ್ಟಿ ತೊಲೆಗಳ ಭಾರವನ್ನು ಅದಕ್ಕೆ ಹೊರಿಸಬೇಕು ಎಂದರು. ಸ್ವಲ್ಪ ಹೊತ್ತಿಗೆ ಆಳುಗಳು ಹಸಿ ಬಿದಿರು, ತೆಂಗಿನ ನಾರಿನ ಹಗ್ಗ ತಂದು ಜಗುಲಿಯ ಮೇಲೆ ಹಾಕಿದರು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದವಳು ಅದನ್ನು ನೋಡಿ ಹೊಸ್ತಿಲಿಗೆ ಅಡ್ಡ ನಿಂತುಬಿಟ್ಟಳು.

"ಸಾಬ್ರೇ, ಅದ್ನ ಒಳೀಕೆ ತರ್ಬ್ಯಾಡಿ."

"ಯಾಕಕ್ಕ? ಸಾರ್ವೆ ಕಟ್ಬೇಕಲ್ಲ?"

"ಬಿದ್ರು, ಅಗ್ಗ... ಬಾಣಂತಿ ಮನ್ಗಿರೋ ತಾವ ಇವೆರಡ್ನೂ ಒಟ್ಗೆ ತರ್ತಾರಾ? ನೋಡ್ದೋರು ಏನಂದ್ಕಂಡಾರು?"

ಚಟ್ಟ ಎನ್ನುವ ಮಾತನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಮೇಸ್ತ್ರಿಗೆ ಅರ್ಥವಾಯಿತು. ಅವರು ಒಮ್ಮೆ ನನ್ನನ್ನು, ನನ್ನ ಮಗ್ಗುಲಲ್ಲಿದ್ದ ಬಟ್ಟೆಯ ಗಂಟಿನಂಥ ಮಗುವನ್ನು ನೋಡಿ ಆಳುಗಳಿಗೆ ಕೈಸನ್ನೆ ಮಾಡಿದರು. ಬಿದಿರು ಬೀದಿಗೆ ಹೋಯಿತು.

"ಆಯ್ತಕ್ಕ. ನೀಲಗಿರಿ ಕಂಬ ತರುಸ್ತೀನಿ. ಅಗ್ಗ ಬ್ಯಾಡ, ತಂತೀಲಿ ಬಿಗಿತೀನಿ."

ಅಂದು ಸಂಜೆಗೆ ನಮ್ಮ ನಡುಮನೆ ತೋಪಿನಂತಾಯಿತು. ನೆಲಕ್ಕೆ ಹಲಗೆ, ಅದರ ಮೇಲೆ ಸಿಪ್ಪೆ ಸುಲಿದ ಕಂಬ, ತಲೆಯ ಮೇಲೆ ಉದ್ದದ ದಿಮ್ಮಿ, ದಿಮ್ಮಿಗೂ ತೊಲೆಗೂ ನಡುವೆ ಬಡಿದು ಕೂರಿಸಿದ ಬೆಣೆಗಳು. ಒಂದೊಂದು ಏಟಿಗೂ ಮೇಲಿನಿಂದ ಮಣ್ಣು ಉದುರುತ್ತಿತ್ತು. ನಾನು ಮಗುವಿನ ಮುಖಕ್ಕೆ ಸೆರಗು ಮುಚ್ಚಿ, ಉಸಿರಾಡುತ್ತಿದೆಯೇ ಎಂದು ಮತ್ತೆ ತೆಗೆದು ನೋಡುತ್ತಿದ್ದೆ.

"ಮಸೀದಿ ಮಿನಾರಿಗೂ ಕಟ್ಟಿವ್ನಿ, ವೈದ್ಯನಾಥಪುರದ ಕಡೆ ಗೋಪುರಕ್ಕೆ ಬಣ್ಣ ಬಳಿಯೋವಾಗ್ಲೂ ಕಟ್ಟಿವ್ನಿ" ಎಂದರು ಮೇಸ್ತ್ರಿ, ನನ್ನ ಮುಖ ನೋಡಿ ಧೈರ್ಯ ಹೇಳುವಂತೆ. "ಮೇಲೆ ಅತ್ತೋ ಸಾರ್ವೆ ಬ್ಯಾರೆ, ಬಾರ ಒರೋ ಸಾರ್ವೆ ಬ್ಯಾರೆ. ಇದು ಒರೋದು. ಗೋಡೆ ಕೈ ಬುಟ್ರೂ ಇದು ಬುಡಕಿಲ್ಲ ಕಣಮ್ಮ."

ಗೋಡೆ ಕೈ ಬಿಟ್ಟರೂ ಎಂದದ್ದಷ್ಟೇ ನನ್ನ ಕಿವಿಯಲ್ಲಿ ಉಳಿಯಿತು.

ಅವ್ವ ಮಾತ್ರ ಆ ಕಂಬಗಳನ್ನು ಬೇಗ ಒಗ್ಗಿಸಿಕೊಂಡಳು. ಕಂಬದಿಂದ ಕಂಬಕ್ಕೆ ದಾರ ಎಳೆದು ಮಗುವಿನ ಬಟ್ಟೆ ಒಣಹಾಕಿದಳು. ಸೊಳ್ಳೆ ಪರದೆಯ ಮೂಲೆಗಳನ್ನು ಅವಕ್ಕೇ ಕಟ್ಟಿದಳು. ಮಣ್ಣು ಬೀಳದಂತೆ ಮಂಚದ ಮೇಲ್ಗಡೆ ತನ್ನ ಹಳೆ ಸೀರೆ ಹರಡಿದಳು. ನಾನು ಎದ್ದು ನಡೆಯಬೇಕಾದಾಗ ಒಂದು ಕಂಬ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಬಚ್ಚಲಿಗೆ ಹೋಗುತ್ತಿದ್ದೆ. ಹಾಗೆ ಹಿಡಿದಾಗೆಲ್ಲ ಕಂಬ ಒಳಗೊಳಗೆ ಅದುರುವುದು ಅಂಗೈಗೆ ಗೊತ್ತಾಗುತ್ತಿತ್ತು. ರಸ್ತೆಯಲ್ಲಿ ಬಸ್ಸು ಹೋದರೂ ಅದುರುತ್ತಿತ್ತು. ಕಬ್ಬಿನ ಲಾರಿ ಹೋದರೆ ಬೆಣೆಗಳು ಕಿರ್ರೆನ್ನುತ್ತಿದ್ದವು.

ಒಂದು ದಿನ ತಡೆಯಲಾರದೆ ಅತ್ತುಬಿಟ್ಟೆ. ಅವ್ವ ಗದರಿದಳು.

"ಎದ್ರುಕಂಡ್ರೆ ಆಲು ಬತ್ತೋಯ್ತದೆ ಕಣ್ ಮಗ. ಸುಮ್ಕಿರು."

ಅಲ್ಲಿಂದ ಇನ್ನೊಂದು ಹೆದರಿಕೆ ಸೇರಿಕೊಂಡಿತು. ಮಗು ಮೊಲೆ ಬಿಟ್ಟು ಅತ್ತರೆ, ಹೆದರಿ ಹೆದರಿ ಹಾಲು ಬತ್ತಿಯೇ ಹೋಯಿತೇನೋ ಎಂದು ಎದೆ ಹಿಂಡಿಕೊಂಡು ನೋಡುತ್ತಿದ್ದೆ.

ಭಾನುವಾರ ತಮ್ಮೂರು ಹೊಳಲಿನಿಂದ ನನ್ನ ಗಂಡ ಬಂದರು. ಬಾಗಿಲಲ್ಲೇ ತಲೆ ಬಗ್ಗಿಸಿ, ಕಂಬಗಳ ಸಂದಿನಲ್ಲಿ ದಾರಿ ಮಾಡಿಕೊಂಡು ಬಂದು ಮಂಚದ ಪಕ್ಕ ಕೂತರು. ಬಹಳ ಹೊತ್ತು ಮೇಲೆಯೇ ನೋಡುತ್ತಿದ್ದರು.

"ಓಗ್ಬುಡುವ ಬಾ ಊರ್ಗೆ" ಎಂದರು ಮೆಲ್ಲಗೆ. "ಅತ್ತೇನೂ ಬರ್ಲಿ."

ಒಳಗೆ ಮೆಣಸಿನ ಸಾರು ಕುದಿಸುತ್ತಿದ್ದ ಅವ್ವನಿಗೆ ಕೇಳಿಸಿತು. "ನಾನ್ಯಾಕ್ ಬರ್ಲಿ? ಬಾಣಂತನ ತವರುಮನೇಲಿ ಆಗ್ಬೇಕು. ಬೇಕಾರೆ ನೀವು ಓಗಿ. ಮನೆ ಬುಟ್ಟು ನಾನೆಲ್ಗೂ ಬರಕಿಲ್ಲ" ಎಂದಳು.

ನಾನು ಹೋದರೆ ಅವಳು ಆ ಸೂರಿನಡಿ ಒಬ್ಬಳೇ. ಮಂಚದ ಮೇಲಿಂದ ಕಾಣುತ್ತಿದ್ದ ಅವಳ ಬೆನ್ನು ನೋಡಿ, "ಗೋಡೆ ಕಟ್ಟೋಗಂಟ ನೋಡುವ" ಎಂದೆ. ಗಂಡನಿಗೆ ಸಿಟ್ಟು ಬಂತು. ಆದರೂ ಹೊರಡುವ ಮುನ್ನ ಪ್ರತಿ ಕಂಬವನ್ನೂ ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿಯೇ ಹೋದರು.

ಮಳೆ ಹಿಡಿದದ್ದು ಆ ವಾರವೇ. ಆಚೆ ಪಾಯಕ್ಕೆ ತೋಡಿದ್ದ ಗುಂಡಿಯಲ್ಲಿ ನೀರು ನಿಂತಿತು, ಕೆಲಸ ನಿಂತಿತು. ಗೋಡೆ ತಳದಿಂದ ನೀರು ಹೀರಿ ಕಪ್ಪಾಗುತ್ತಾ ಮೇಲೇರತೊಡಗಿತು.

ಒಂದು ಮಧ್ಯಾಹ್ನ ಅವ್ವ ಹಿಂದುಗಡೆ ಬಚ್ಚಲಲ್ಲಿ ಕಾಲು ಚಾಚಿ ಮಗುವಿಗೆ ನೀರು ಹಾಕುತ್ತಿದ್ದಳು. ನಾನು ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲಿದ್ದೆ. ಮೊದಲು ಗೋಡೆಯ ಗೂಡಿನಲ್ಲಿದ್ದ ಡಬ್ಬಿ ಉರುಳಿ ಬಿತ್ತು. ಗೋಡೆ ಹೊಟ್ಟೆ ಬಂದಂತೆ ಆಚೆಗೆ ಉಬ್ಬಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಲಾರಿಯಿಂದ ಮಣ್ಣು ಸುರಿದಂಥ ಸದ್ದು. ಧೂಳು ತುಂಬಿ ನನ್ನ ಕೈಯೇ ನನಗೆ ಕಾಣಲಿಲ್ಲ. ತಲೆಯ ಮೇಲೆ ತೊಲೆಗಳು ದಿಮ್ಮಿಯ ಮೇಲೆ ಕೂತ ಸದ್ದು ಮಾತ್ರ ಒಂದೇ ಸಲ, ಧಡ್ ಎಂದು ಬಂತು. ಇನ್ನೇನು ಮೇಲೆ ಬೀಳುತ್ತದೆ ಎಂದು ಮುದುರಿಕೊಂಡೆ.

ಬೀಳಲಿಲ್ಲ. ಎಲ್ಲ ನಿಶ್ಶಬ್ದವಾಯಿತು. ಬಚ್ಚಲಿನಿಂದ ಅಳುವೂ ಕೇಳಿಸಲಿಲ್ಲ. ಅಲ್ಲಿಯವರೆಗೆ ನಾನು ಪಟ್ಟ ಹೆದರಿಕೆಯೆಲ್ಲ ಹೆದರಿಕೆಯೇ ಅಲ್ಲ ಎನಿಸಿದ್ದು ಆಗ.

"ಅವ್ವಾ!"

ಮತ್ತೆ ಕೂಗಿದೆ. ಬಾಯಿಗೆ ಮಣ್ಣು ತುಂಬಿ ಕೂಗು ಹೊರಡಲಿಲ್ಲ. ಮಂಚದಿಂದ ಇಳಿದು ಕೈಗೆ ಸಿಕ್ಕ ಕಂಬ ಹಿಡಿದುಕೊಂಡೆ.

"ಅಲ್ಲೇ ಇರು ಮಗ, ಅಳ್ಳಾಡ್ಬ್ಯಾಡ" ಎಂದಿತು ಅವ್ವನ ದನಿ. "ಕೂಸು ಚೆಂದಾಗದೆ. ನಾನೇ ಬತ್ತೀನಿ."

ಧೂಳಿನೊಳಗಿಂದ ಅವಳು ಬಂದಳು. ಸೀರೆ ಮೊಣಕಾಲಿನವರೆಗೆ ಒದ್ದೆ, ಎದೆಗೆ ಒತ್ತಿಕೊಂಡ ಮಗು, ಇನ್ನೊಂದು ಕೈ ಮುಂದಕ್ಕೆ ಚಾಚಿ ಕಂಬದಿಂದ ಕಂಬಕ್ಕೆ ತಡಕಾಡುತ್ತಾ. ಮಗು ಒಮ್ಮೆ ಸೀನಿ ಕಿರುಚಿತು. ಅವ್ವ ನನ್ನ ರಟ್ಟೆ ಹಿಡಿದಳು. ಮೂವರೂ ಬೀದಿಗೆ ಬಂದೆವು. ಅವಳು ಜಗುಲಿಯ ಕೆಳಗೆ ಮಳೆಯಲ್ಲೇ ಕೂತುಬಿಟ್ಟಳು.

ಮೇಸ್ತ್ರಿ ಬರಿಗಾಲಲ್ಲಿ ಓಡಿ ಬಂದರು. ಗುಂಡಿಯ ಹತ್ತಿರ ಯಾರೂ ಇರಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಗಿಲಿಂದ ಒಳಗೆ ಇಣುಕಿದರು. ಗೋಡೆ ಪೂರ್ತಿ ಆಚೆ ಗುಂಡಿಗೆ ಮಗುಚಿತ್ತು. ಸೂರು ನೀಲಗಿರಿ ಕಂಬಗಳ ಮೇಲೆ ನಿಂತಿತ್ತು. ಅವರು ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡರು. ಪಕ್ಕದ ಮನೆಯ ಯಜಮಾನರು ಮಂಡಿಯಿಂದ ಬಂದವರು ಅವ್ವನ ಎದುರು ನಿಂತು, "ತಪ್ಪಾಯ್ತಕ್ಕ, ಮೊದ್ಲು ನಿಮ್ ಗೋಡೇನೇ ಕಟ್ಟುಸ್ಬೇಕಾಗಿತ್ತು" ಎಂದರು. ಅವ್ವ ಈ ಸಲ ಕೂಗಾಡಲಿಲ್ಲ. ಮಗುವನ್ನು ಸುತ್ತಲು ಒಣಗಿದ ಬಟ್ಟೆ ಕೇಳಿದಳು ಅಷ್ಟೆ.

ಅಂದೇ ಗಂಡ ಕಾರು ತಂದು ನಮ್ಮನ್ನು ಹೊಳಲಿಗೆ ಕರೆದುಕೊಂಡು ಹೋದರು. ಅವ್ವನೂ ಬಂದಳು. ಹೊಸ ಇಟ್ಟಿಗೆ ಗೋಡೆ ಎದ್ದು, ತೊಲೆಗಳ ತುದಿ ಅದರ ಮೇಲೆ ಕೂತಿತೆಂದು ಮೇಸ್ತ್ರಿ ಹೇಳಿ ಕಳಿಸಿದ ಮೇಲೆ ಸಾರವೆ ಬಿಚ್ಚುವ ದಿನ ನಾವು ಮದ್ದೂರಿಗೆ ಹೋದೆವು. ಮಗುವನ್ನು ಗಂಡನ ಕೈಗೆ ಕೊಟ್ಟು ದೂರ ನಿಲ್ಲಿಸಿ ಅವ್ವ, ನಾನು ಬಾಗಿಲಲ್ಲಿ ನಿಂತೆವು. ಮೇಸ್ತ್ರಿ ಬೆಣೆಗೆ ಸುತ್ತಿಗೆಯಿಂದ ಹೊಡೆದಾಗ ಮೇಲಿನಿಂದ ಒಂದಿಷ್ಟು ಮಣ್ಣು ಉದುರಿತು. ಅವ್ವ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಳು. ಒಂದೊಂದು ಕಂಬ ತೆಗೆದಾಗಲೂ ಅವರು ಅಲ್ಲೇ ನಿಂತು ಸೂರು ನೋಡುತ್ತಿದ್ದರು. ನಾವೂ ನೋಡುತ್ತಿದ್ದೆವು.

ಕೊನೆಯದಕ್ಕೆ ಕೈ ಹಾಕಿದಾಗ ಅವ್ವ, "ಅದೊಂದು ಇರ್ಲಿ ಸಾಬ್ರೇ" ಎಂದಳು.

"ಇದೇನೂ ಬಾರ ಒತ್ಕಂಡಿಲ್ಲ ಅಕ್ಕ ಈಗ. ನೋಡಿ" ಎಂದು ಮೇಸ್ತ್ರಿ ಕಂಬವನ್ನು ಒಂದೇ ಕೈಯಲ್ಲಿ ತಿರುಗಿಸಿ ತೋರಿಸಿದರು.

"ಇರ್ಲಿ ಬುಡಿ. ನಾನ್ ಮನಗಬೇಕಲ್ಲ ಇಲ್ಲಿ."

ಅವರು ಬೆಣೆಯನ್ನು ಮತ್ತೆ ಬಿಗಿಯಾಗಿ ಬಡಿದು ಕೂರಿಸಿ ಹೊರಟರು. ಕಂಬ ಈಗಲೂ ನಡುಮನೆಯಲ್ಲಿದೆ. ಹೋದ ವರ್ಷ ಗೋಡೆಗೆ ಹಸಿರು ಬಣ್ಣ ಹೊಡೆಸುವಾಗ ಅವ್ವ ಅದಕ್ಕೂ ಹೊಡೆಸಿದ್ದಾಳೆ.