ನೂಲಿಗೆಂದು ಇಟ್ಟಿದ್ದ ಅಂಟವಾಳ

ಅಕ್ಕ ನೂಲಿಗೆಂದು ಇಟ್ಟಿದ್ದ ಅಂಟವಾಳದ ನೊರೆಯಲ್ಲಿ ನಾನು ತಲೆ ತೊಳೆದುಕೊಂಡೆ. ಅದು ಸಣ್ಣ ತಪ್ಪು. ಹೇಳಬೇಕಾದ ದಿನ ಹೇಳಲಿಲ್ಲ, ಅದು ದೊಡ್ಡದು. ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ಅಕ್ಷರ ಸೊಟ್ಟಗಿದ್ದರೂ ನಡೆದದ್ದನ್ನು ನೆಟ್ಟಗೆ ಬರೆಯುತ್ತೇನೆ.

ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ಸೀರೆ ನೇಯುತ್ತಿದ್ದ, ಹರವಿಯೆಂಬ ದೊಡ್ಡ ಮಡಕೆಯಲ್ಲಿ ನೂಲಿಗೆ ನೀಲಿಯನ್ನೂ ತಾನೇ ಹಾಕುತ್ತಿದ್ದ. ಹೊಸ ನೂಲು ಭಾರಿ ಹಟಮಾರಿ. ನೀರಿಗೆ ಹಾಕಿದರೆ ಒಣ ಬೆಂಡಿನ ಹಾಗೆ ತೇಲುತ್ತದೆ. ನೀರು ಇಳಿಯದ ಕಡೆ ಬಣ್ಣವೂ ಇಳಿಯುವುದಿಲ್ಲ. ಅದಕ್ಕೇ ಅಕ್ಕ, ನಾನು ಇಬ್ಬರೂ ಎರಡು ದಿನ ತೊಟ್ಟಿಯಲ್ಲಿ ನಿಂತು ಲಡಿಗಳನ್ನು, ಅಂದರೆ ನೂಲಿನ ಕಟ್ಟುಗಳನ್ನು, ತುಳಿಯಬೇಕಿತ್ತು. ಸೋಪು ಇನ್ನೂ ನಮ್ಮ ಓಣಿಗೆ ಬಂದಿರಲಿಲ್ಲ.

"ಎಣ್ಣಿ ತಲಿಗೇ ನೀರ ಇಳಸ್ತೈತಿ ಅಂಟವಾಳ. ನೂಲಿಗೆ ಇಳಸಂಗಿಲ್ಲೇನು?" ಎಂದಳು ಅಕ್ಕ.

ಅಪ್ಪ ನಕ್ಕ. "ಇವತ್ತ ನೂಲಿನ ತಲಿ ತೊಳಿ, ನಾಳೆ ಮಗ್ಗಕ್ಕ ಹೆರಳ ಹಾಕು!" ಆದರೂ ಒಪ್ಪಿದ. "ಆತು, ನೋಡೂಣು. ಬಣ್ಣ ಸಮ ಬಂದ್ರ ಇನ್ನ ಮುಂದ ನೀಲಿ ಹರವಿ ನಿಂದ."

ಅಕ್ಕನಿಗೆ ಅದೇ ಬೇಕಿತ್ತು. ನೊರೆ ಮಾಡಿಟ್ಟು, ಲಡಿ ಮುಳುಗಿಸಲು ನನಗೆ ಹೇಳಿ ನೀರು ತರಲು ಹೋದಳು. ಮರುದಿನ ಬಾದಾಮಿಯ ಸೋದರತ್ತೆ ತನ್ನ ಮಗನಿಗೆ ನನ್ನನ್ನು ನೋಡಲು ಬರುವವಳಿದ್ದಳು. ನನ್ನ ಚಿಂತೆಯೆಲ್ಲ ಕೂದಲಿನದು. ಅರ್ಧ ನೊರೆ ತಲೆಗೆ ಸುರಿದುಕೊಂಡೆ, ಉಳಿದದ್ದಕ್ಕೆ ಬರೀ ನೀರು ಬೆರೆಸಿದೆ. ಲಡಿಗಳು ತೇಲಿದವು. ಮೇಲೊಂದು ಗುಂಡುಕಲ್ಲು ಹೇರಿದೆ. ಮುಳುಗಿದವು!

ಮರುದಿನ ನೀಲಿಯಿಂದ ಎತ್ತಿದ ಲಡಿಗಳ ತುಂಬ ಬಿಳಿ ಮಚ್ಚೆ.

"ಇನ್ನ ಹರವಿ ಮುಟ್ಟಬ್ಯಾಡ," ಎಂದ ಅಪ್ಪ ಅಕ್ಕನಿಗೆ.

ಅತ್ತೆ ಮಾತ್ರ, "ಹುಡುಗಿ ಕೂದಲಾ ಏನ ಮಿಂಚತಾವ!" ಎಂದಳು. ನಾನು ತುಟಿ ಬಿಚ್ಚಲಿಲ್ಲ.

ಅಕ್ಕ ಹುನಗುಂದಕ್ಕೆ ಮದುವೆಯಾಗಿ ಹೋದಳು. ಅಲ್ಲಿಯೂ ಮಗ್ಗ, ಅಲ್ಲಿಯೂ ತೊಟ್ಟಿ. ಎಷ್ಟೋ ವರ್ಷದ ಮೇಲೆ ನಾನೊಮ್ಮೆ ಹೋದಾಗ ಅವಳ ಮಗಳು ಲಡಿ ತುಳಿದು ದಣಿದಿದ್ದಳು.

"ಯವ್ವಾ, ಅಂಟವಾಳದ ನೀರ ಹಾಕಿದ್ರ?"

"ಆಗಂಗಿಲ್ಲವಾ. ನಾ ಮಾಡಿ ನೋಡಿ ಕೆಟ್ಟೇನಿ. ತುಳಿ, ತುಳಿ," ಎಂದಳು ಅಕ್ಕ.

ತನ್ನ ಬುದ್ಧಿಯೇ ಸುಳ್ಳೆಂದು ನಂಬಿ ಇಷ್ಟು ವರ್ಷ ತುಳಿದಿದ್ದಳು. ಈಗ ಮಗಳಿಗೂ ಅದನ್ನೇ ಕಲಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನೀ ಕೆಟ್ಟಿಲ್ಲ. ಅವತ್ತ ಅರ್ಧ ನೊರಿ ನಾ ತಲಿಗೆ ಹಾಕ್ಕೊಂಡೆ, ನೂಲಿಗೆ ನೀರ ಬೆರೆಸಿ ಕಲ್ಲ ಹೇರಿದೆ. ನಿನ್ನ ಮಾತ ಖರೆ ಇತ್ತು. ತಪ್ಪಾತಕ್ಕಾ, ನಂದು ತಪ್ಪಾತು."