ಅವಸರದ ಸಾಕ್ಷಿ

ನಮ್ಮ ಪ್ರಾರ್ಥನಾಲಯದಲ್ಲಿ ಭಾನುವಾರ ಪ್ರಸಂಗಕ್ಕೆ ಮೊದಲು ಸಾಕ್ಷಿ ಹೇಳುವ ಪದ್ಧತಿ ಇದೆ. ಆ ವಾರ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಎದ್ದು ನಿಂತು ಹೇಳಬೇಕು. ವಿಶ್ವಾಸ ಗಟ್ಟಿಯಿದ್ದವರು ಇನ್ನೂ ಆಗದ ಉಪಕಾರವನ್ನೂ ಆಗಿಯೇ ಹೋಯಿತೆಂದು ಹೇಳಿಬಿಡುತ್ತಾರೆ. ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ನಾನೂ ಒಂದು ಸಲ ಹಾಗೆ ಹೇಳಿದೆ, ಅದೂ ಇಪ್ಪತ್ತು ವರ್ಷದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು. ಈಗ ನನ್ನ ನಂಬಿಕೆಯನ್ನು ಯಾರಾದರೂ ಅಲ್ಲಾಡಿಸಲಿ ನೋಡೋಣ. ಆದರೆ ಆಗ ಅಲ್ಲಾಡಿಸಿಕೊಂಡವಳು ನಾನೇ.

ನನ್ನ ಗಂಡ ಬಸ್ ಕಂಡಕ್ಟರ್. ಹರಪನಹಳ್ಳಿ ನಿಲ್ದಾಣದಲ್ಲಿ ನಿಂತು "ಉಚ್ಚಂಗಿದುರ್ಗ, ಉಚ್ಚಂಗಿದುರ್ಗ" ಎಂದು ಕೂಗಿದರೆ ಸಂತೆಯಲ್ಲಿದ್ದವರೂ ಗಂಟು ಎತ್ತಿಕೊಂಡು ಓಡಿಬರುತ್ತಿದ್ದರು. ಅದೇ ಗಂಟಲಿನಿಂದ ಭಾನುವಾರ ವೇದಪಾಠ ಓದುತ್ತಿದ್ದರು. ಕಳೆದ ವರ್ಷ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಕೈ ಅರ್ಧಕ್ಕೇ ನಿಂತಿತು. ಲಕ್ವ. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ: ಬ್ಯಾಡ. ಚಹಾ ಕೊಡಲೇ ಅಂದರೆ "ಬ್ಯಾಡ" ಅನ್ನುತ್ತಾರೆ, ಎಡಗೈಯನ್ನು ಲೋಟಕ್ಕೆ ಚಾಚುತ್ತಾರೆ. ಇಂಥದ್ದನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೆ. ಮನೆಯಲ್ಲಿ ನೋಡಿದಾಗ ಮೊದಲು ಅಳು ಬಂತು, ಆಮೇಲೆ ನಗು ಬಂತು, ಮತ್ತೆ ಅಳು ಬಂತು.

ಮೂರನೇ ವಾರ ಸಾಕ್ಷಿಯ ಹೊತ್ತಿಗೆ ನಾನು ಎದ್ದು ನಿಂತೆ. "ಯೇಸು ಸ್ವಾಮಿ ನನ್ನ ಗಂಡನ್ನ ಪೂರ್ತಿ ಗುಣ ಮಾಡ್ಯಾನ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಷ್ಟು ನಂಬಿಕೆ ಇತ್ತೋ ಅಥವಾ ದೇವರನ್ನು ಮಾತಿನಲ್ಲಿ ಕಟ್ಟಿಹಾಕಲು ನೋಡಿದೆನೋ ಎಂದು ಕೇಳಿದರೆ ಈಗ ಎರಡನೆಯದೇ ಎನ್ನುತ್ತೇನೆ. ಇಷ್ಟು ಜನರೆದುರು ಹೇಳಿದ ಮೇಲೆ ತನ್ನ ಮಾನ ಉಳಿಸಿಕೊಳ್ಳಲಿಕ್ಕಾದರೂ ಆತ ಗುಣಪಡಿಸಿಯಾನು ಎಂಬ ಹುಂಬ ಆಸೆ ನನ್ನದು.

ಗುಣವಾಗಲಿಲ್ಲ. ನಾಚಿಕೆಯಿಂದ ಪ್ರಾರ್ಥನಾಲಯಕ್ಕೆ ಹೋಗುವುದನ್ನು ಬಿಟ್ಟೆ. ಮನೆಯಲ್ಲಿ ಮಂಡಿಯೂರುವುದನ್ನೂ ಬಿಟ್ಟೆ. ಗಂಡನಿಗೆ ಸ್ನಾನ ಮಾಡಿಸುವಾಗ ಮಾತ್ರ ದೇವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. "ಕೂಗಿ ಅನ್ನ ತಿನ್ನೋ ಮನುಷ್ಯಾನ ಬಾಯೇ ಬೇಕಾಗಿತ್ತೇನು ನಿನಗ?" ಮರುದಿನ ಮತ್ತೆ ಕೇಳುತ್ತಿದ್ದೆ. ದಿನಾ ಜಗಳಕ್ಕೆ ಆತನನ್ನೇ ಹುಡುಕಿಕೊಂಡು ಹೋಗುತ್ತಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ತೆಲಿಗಿ ಹಳ್ಳಿಯ ಅಜ್ಜಿಯೊಬ್ಬಳು ಆಸ್ಪತ್ರೆಗೆ ಬಂದಳು. ನಮ್ಮ ಪ್ರಾರ್ಥನಾಲಯದವಳೇ, ಸದಾ ಎರಡನೇ ಸಾಲಿನಲ್ಲಿ ಕೂರುವವಳು. ತಲೆಸುತ್ತು ಎಂದಳು. ಬಿಪಿ ನೋಡಿದರೆ ವಿಪರೀತ ಏರಿತ್ತು.

"ಗುಳಿಗಿ ನುಂಗ್ತಿಯೋ ಇಲ್ಲೋ ಅಜ್ಜಿ?"

"ಬಿಟ್ಟೀನವ್ವ. ಗಂಡಗ ಆರಾಮಾತು ಅಂತ ನೀನೇ ಹೇಳಿದೆಲ್ಲ. ನರ್ಸಮ್ಮನೇ ಹೇಳಿದ ಮ್ಯಾಲೆ ನನಗ್ಯಾಕ ಗುಳಿಗಿ ಅಂದ್ಕೊಂಡೆ."

ಡಾಕ್ಟರರು ಬಂದು ನೋಡಿ, ಔಷಧ ಕೊಟ್ಟು, ಬಿಪಿ ಇಳಿಯುವ ತನಕ ನಾನು ಅವಳ ಮಂಚದ ಪಕ್ಕದಿಂದ ಏಳಲಿಲ್ಲ. ಅವಳಿಗೆ ನನ್ನ ಗಂಡನಂತೆಯೇ ಆಗಿದ್ದರೆ ಅದನ್ನು ಮಾಡಿದವಳು ನಾನು. ಅಷ್ಟರಲ್ಲಿ ಆ ಪುಣ್ಯಾತ್ಗಿತ್ತಿ ನನ್ನ ಕೈ ಹಿಡಿದು, ಕಣ್ಣು ಮುಚ್ಚಿ, ನನಗಾಗಿ ಪ್ರಾರ್ಥನೆ ಮಾಡಿದಳು.

ಆ ಭಾನುವಾರ ಗಂಡನನ್ನು ಕೇಳಿದೆ. "ಪ್ರಾರ್ಥನಿಗೆ ಹೋಗೋಣೇನ್ರಿ?"

"ಬ್ಯಾಡ" ಎಂದರು. ಎಡಗಾಲನ್ನು ಆಗಲೇ ಚಪ್ಪಲಿಗೆ ತೂರಿಸುತ್ತಿದ್ದರು.

ಸಾಕ್ಷಿಯ ಹೊತ್ತು ಬಂದರೂ ನಾನು ಏಳದೆ ಕುಳಿತೇ ಇದ್ದೆ. ಅವರು ಎಡಗೈಯಿಂದ ನನ್ನ ಮೊಣಕೈ ಎತ್ತಿ ಎಬ್ಬಿಸಿದರು.

"ಹಿಂದ ನಾನು ಹೇಳಿದ್ದು ಸುಳ್ಳು" ಎಂದೆ. "ನನ್ನ ಗಂಡಗ ಗುಣ ಆಗಿಲ್ಲ. ಆಗ್ತೈತೋ ಇಲ್ಲೋ ಗೊತ್ತಿಲ್ಲ. ನನ್ನ ಮಾತು ಕೇಳಿ ಗುಳಿಗಿ ಬಿಟ್ಟವ್ರು ಇವತ್ತೇ ನುಂಗ್ರಿ. ನಾಕು ತಿಂಗಳು ಸ್ವಾಮಿನ್ನ ಬೈದೀನಿ. ಬೈಸ್ಕೊಂಡು ನನ್ನ ಮನಿಯಾಗೇ ಅದಾನ, ಎಲ್ಲೂ ಹೋಗಿಲ್ಲ. ಇಷ್ಟೇ ನನ್ನ ಸಾಕ್ಷಿ."

ಈ ಸಲ ಚಪ್ಪಾಳೆ ಬೀಳಲಿಲ್ಲ. ಎರಡನೇ ಸಾಲಿನಿಂದ ಅಜ್ಜಿ "ಆಮೆನ್" ಎಂದಳು. ಆಮೇಲೆ ಎಲ್ಲರೂ ಎಂದರು. ಎಲ್ಲರದೂ ಮುಗಿದ ಮೇಲೆ ನನ್ನ ಪಕ್ಕದಿಂದ, ಉಚ್ಚಂಗಿದುರ್ಗಕ್ಕೆ ಜನ ಕರೆಯುತ್ತಿದ್ದ ಆ ಹಳೆಯ ಗಂಟಲಿನಿಂದ, ಇಡೀ ಕೋಣೆಗೆ ಕೇಳುವಂತೆ ಬಂತು: "ಬ್ಯಾಡ!"