ಮೊಮ್ಮಗಳ ಬಳೆ ಕೂಡಿದ ದಿನ

ಮೊಮ್ಮಗಳ ಬಳೆ ಕೂಡಿತು! ಬೆಳಿಗ್ಗೆ ಶಿವಮೊಗ್ಗದಿಂದ ಫೋನು ಬಂತು. "ಅಜ್ಜ, ಎರಡೂ ತುದಿ ಸೇರಿದ್ವು! ಮಷೀನಿಗೆ ಹಾಕಿ ನೋಡಿದ್ವಿ, ಖರೇನ. ಸಂಜಿ ಬಸ್ಸಿಗೆ ಬರ್ತೀನಿ." ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತೊಗರ್ಸಿ ದಾರಿಯಲ್ಲಿ ಕುರಿಗಳ ನಡುವೆ ನಿಂತು ಒಬ್ಬನೇ ನಕ್ಕೆ.

ಕೈಗೆ ತೊಡುವ ಬಳೆಯಲ್ಲ ಅದು. ಉಮ್ಮತ್ತಿಯಂಥ ಗಿಡಗಳ ಕಹಿ ಸತ್ವಕ್ಕೆ ಒಳಗೆ ಬಳೆಯಾಕಾರದ ಎಲುಬು ಇರುತ್ತದಂತೆ. ಅಂಥದ್ದನ್ನು ಗಿಡವಿಲ್ಲದೆ ಗಾಜಿನ ಬುರುಡೆಯಲ್ಲಿ ಕಟ್ಟುವುದು ಅವಳ ಸಂಶೋಧನೆ. ಬಳೆಯಾಗಬೇಕಾದ ಉದ್ದನೆಯ ಎಳೆಯ ಎರಡು ತುದಿಗಳು ತಾವಾಗಿ ಸೇರುವುದಿಲ್ಲ. ಸೇರಿಸಲು ಪಲ್ಲಾಡಿಯಂ ಎಂಬ ಲೋಹ ಬೇಕು, ಅದೂ ಚಿಟಿಕೆಗಿಂತ ಕಡಿಮೆ.

ಹಿಂದಿನ ಸಲ ಊರಿಗೆ ಬಂದಾಗ ಅವಳ ಮುಖ ಬಾಡಿತ್ತು. ಎಳೆ ತನ್ನ ತುದಿಯನ್ನು ತಾನು ಹಿಡಿಯದೆ ಪಕ್ಕದ ಎಳೆಗೆ ಅಂಟಿ, ಎಲ್ಲ ಗೋಂದಾಗುತ್ತಿತ್ತು. ಇನ್ನೊಂದು ಸಲ ಕೆಟ್ಟರೆ ಇದನ್ನು ಬಿಟ್ಟು ಬೇರೆ ಕೆಲಸ ಮೊದಲಿನಿಂದ ಹಿಡಿಯಬೇಕೆಂದು ಅವಳ ಗೈಡ್ ಹೇಳಿದ್ದರು.

"ಆ ಲೋಹ ಏನು ಮಾಡ್ತದವ್ವಾ?" ಎಂದು ಆಗ ಕೇಳಿದ್ದೆ.

"ನಮ್ಮ ಮುಂದಿನ ಆಡು ಇದ್ದಂಗ, ಅಜ್ಜ."

ಕುರಿ ತಾನಾಗಿ ಹಳ್ಳಕ್ಕೆ ಇಳಿಯುವುದಿಲ್ಲ. ಅದಕ್ಕೇ ಹಿಂಡಿನ ಮುಂದೆ ಒಂದು ಆಡು ಇಟ್ಟಿರುತ್ತೇವೆ. ಅದು ಇಳಿದರೆ ಹಿಂದೆ ಕುರಿಗಳು ಇಳಿಯುತ್ತವೆ. ಅವನ್ನು ದಾಟಿಸಿದ ಮೇಲೆ ಆಡನ್ನು ಉಳಿದವುಗಳಿಗಾಗಿ ಮತ್ತೆ ಈಚೆ ಹೊಡೆದುಕೊಂಡು ಬರುತ್ತೇವೆ.

"ಹಂಗಾರೆ ನಾಕು ಆಡು ಬಿಡು!" ಎಂದೆ.

"ಬಿಟ್ಟು ನೋಡೀನಿ. ಆಡಿಗೆ ಆಡೇ ಅಂಟ್ಕಂಡು, ಕರೇ ಮಸಿಯಾಗಿ ತಳಕ್ಕ ಕುಂತ್ವು."

ಒಲೆಯ ಮುಂದಿದ್ದ ನನ್ನ ಹೆಂಡತಿ, "ಇವರ ಮಾತು ಕೇಳಿದ್ರೆ ನೀನೂ ಕುರಿ ಕಾಯಾಕೇ ಬರಬೇಕಾಗ್ತದ" ಎಂದಿದ್ದಳು.

ಈ ಸಂಜೆ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ಹೆಂಗ ಕೂಡ್ತು?"

"ದ್ರವ ಬಾಳ ತೆಳ್ಳಗ ಮಾಡ್ದೆ ಅಜ್ಜ. ಎಳೆ ಹನಿಹನಿಯಾಗಿ ಬಿಟ್ಟೆ. ಪಕ್ಕದೋರು ಸಿಗಲಿಲ್ಲ, ತನ್ನ ತುದೀನೇ ಹಿಡ್ಕಂತು."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನಾನೇ ಓದಿ, ನಾನೇ ಕೆಡಿಸಿ, ನಾನೇ ಮಾಡ್ದೆ."

ಮಗ, ಸೊಸೆ ಹೊಲದಿಂದ ಬಂದು ಕೈಕಾಲು ತೊಳೆದರು. ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು.

"ಗೈಡ್ ಏನಂದ್ರು?" ಮಗ ಕೇಳಿದ.

"ಇದನ್ನೇ ಮುಂದುವರಿಸು ಅಂದ್ರು, ಅಪ್ಪ. ನಾಳೆನೇ ಹೋಗಬೇಕು."

"ನಾಳೆ ಮಾತು ನಾಳೆ" ಎಂದು ನನ್ನ ಹೆಂಡತಿ ಅವಳ ತಟ್ಟೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಹಾಕಿದಳು. ಅವಳು ಬೇಡ ಅನ್ನಲಿಲ್ಲ. ನಾವೂ ಇನ್ನೊಂದೊಂದು ರೊಟ್ಟಿ ಹಾಕಿಸಿಕೊಂಡೆವು.